ಯಾವ ಬರ್ತೀನಿ?

ಫೆಬ್ರವರಿ 11

ಅತ್ತೆ,

ನಿನ್ನ ಕಾರ್ಡು ತಲುಪಿತು. ಅದರಲ್ಲಿದ್ದದ್ದು ಒಂದೇ ಸಾಲು: "ಫೋನ್ ಮಾಡಬೇಡ, ಏನಿದ್ದರೂ ಬರೆ." ಆಮೇಲೂ ನಾನು ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಇಷ್ಟು ವರ್ಷ ರೈಲ್ವೆ ಸ್ಟೇಷನ್ನಿನ ಮೈಕಿನ ಮುಂದೆ ಕೂತು ಊರಿಗೆಲ್ಲ ಕೇಳುವಂತೆ ಮಾತಾಡಿದವಳು ಸಾಕಿ ಬೆಳೆಸಿದ ಅಣ್ಣನ ಮಗಳ ಜೊತೆ ಮಾತು ಬಿಟ್ಟಿದ್ದೀಯ ಅಂದರೆ ಸಿಟ್ಟು ಸಣ್ಣದಲ್ಲ ಅಂತ ಅರ್ಥವಾಯಿತು.

ಕಾರಣವೂ ಗೊತ್ತು. ಹೋದ ತಿಂಗಳು ರೈಲು ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನಲ್ಲಿ ನಿಂತು, ಈ ವರ್ಷವೂ ಇಪ್ಪತ್ತನಾಲ್ಕು ಗಂಟೆ ರೇಸಿಗೆ ಇಳಿಯುತ್ತೇನೆ ಅಂದೆ. ನೀನು ಬಾಯಿ ತೆರೆಯಲಿಲ್ಲ. ಕೈ ಮಾತ್ರ ಆಡಿಸಿದೆ. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಒಂದು ವಿಷಯ ಮೊದಲು ಸರಿ ಮಾಡಿಬಿಡುತ್ತೇನೆ. ನಾನೊಬ್ಬಳೇ ಇಡೀ ಹಗಲು ಇಡೀ ರಾತ್ರಿ ಊಟ ನಿದ್ದೆ ಬಿಟ್ಟು ಕಾರು ಓಡಿಸುತ್ತೇನೆ ಅಂತ ನೀನು ಪಕ್ಕದ ಮನೆಯವರ ಹತ್ತಿರ ಹೇಳಿದ್ದೀಯಂತೆ. ಹಾಗಲ್ಲ. ಒಂದು ಕಾರು, ಮೂವರು ಚಾಲಕರು. ಸರದಿಯ ಮೇಲೆ ಓಡಿಸುತ್ತೇವೆ. ನನ್ನ ಜೊತೆ ಒಬ್ಬ ಹಲ್ಲಿನ ಡಾಕ್ಟರು, ಇನ್ನೊಬ್ಬರು ತಾತ. ಅವರಿಗೆ ಮೊಮ್ಮಕ್ಕಳಿಲ್ಲ, ತಲೆ ಬೆಳ್ಳಗಾಗಿದೆ ಅಂತ ಹಾಗೆ ಕರೆಯುತ್ತೇವೆ. ಟ್ರ್ಯಾಕಿನ ಪಕ್ಕ ಪ್ರತಿ ತಂಡಕ್ಕೂ ಒಂದು ಶೆಡ್ಡು ಇರುತ್ತದೆ, ಅದಕ್ಕೆ ಪಿಟ್ ಅನ್ನುತ್ತಾರೆ. ಕಾರು ಅಲ್ಲಿಗೆ ಬಂದು ಪೆಟ್ರೋಲ್ ಕುಡಿದು, ಟೈರು ಬದಲಿಸಿಕೊಂಡು, ಚಾಲಕರನ್ನೂ ಬದಲಿಸಿಕೊಂಡು ಮತ್ತೆ ಓಡುತ್ತದೆ. ಪಿಟ್ಟಿನ ರಾಜ ನಮ್ಮ ಮೇಸ್ತ್ರಿ. ರೇಡಿಯೊದಲ್ಲಿ ನಮ್ಮ ಕಿವಿಯೊಳಗೆ ಕೂತು ಆಳುವವನೂ ಅವನೇ.

ನಿಯಮ ಒಂದು ಬಹಳ ಕ್ರೂರ. ಇಪ್ಪತ್ತನಾಲ್ಕು ಗಂಟೆ ಮುಗಿದ ಮೇಲೆ ಕಾರು ತಾನಾಗಿ ಗೆರೆ ದಾಟಬೇಕು. ಅದಕ್ಕೆ ಮುಂಚೆ ನಿಂತರೆ ಓಡಿದ್ದೆಲ್ಲ ನೀರಿನಲ್ಲಿ ಹೋಮ. ಹೋದ ವರ್ಷ ಆದದ್ದು ಅದೇ. ಕೊನೇ ಸರದಿ ನನ್ನದು. ಹೆಲ್ಮೆಟ್ ಹಾಕಿಕೊಂಡು ಕಾಯುತ್ತಾ ನಿಂತಿದ್ದೆ. ಕಾರು ಬರಲೇ ಇಲ್ಲ. ಗೇರ್ ಬಾಕ್ಸ್ ಒಡೆದು ಎಲ್ಲೋ ಹುಲ್ಲಿನ ಮೇಲೆ ನಿಂತಿತ್ತು. ಆ ಹೆಲ್ಮೆಟ್ಟನ್ನು ತಲೆಯಿಂದ ತೆಗೆಯಲು ನನಗೆ ಮನಸ್ಸೇ ಬರಲಿಲ್ಲ ಅತ್ತೆ. ಈ ವರ್ಷ ಗೆರೆ ದಾಟಿಸಲೇಬೇಕು, ನಾನೇ ದಾಟಿಸಬೇಕು. ತಂಡದ ಯಜಮಾನರು ಟೈರಿನ ಅಂಗಡಿಯವರು, ಅವರಿಗೂ ಸಾಕಾಗಿದೆ. "ಇದೇ ಕೊನೆ. ಈ ಸಲ ಮುಗಿಸಲಿಲ್ಲ ಅಂದ್ರೆ ಶೆಡ್ಡಿಗೆ ಬೀಗ" ಅಂದಿದ್ದಾರೆ.

ಸಿಟ್ಟು ಇಳಿದ ಮೇಲೆ ಬರೆ.

ನಿನ್ನ ಬುಗುರಿ

---

ಫೆಬ್ರವರಿ 22

ಬುಗುರಿ,

ಹತ್ತಿರ ಹತ್ತಿರ ಎರಡು ಪುಟ ಬರೆದಿದ್ದೀಯ. ಫೋನಿನಲ್ಲಿ ನಿನ್ನಿಂದ ಹೂಂ, ಸರಿ, ತಿಂದೆ, ಇಡ್ತೀನಿ, ಇಷ್ಟು ಬಿಟ್ಟು ಐದನೇ ಮಾತು ನಾನು ಕೇಳಿರಲಿಲ್ಲ. ಹಾಗಾಗಿ ಮಾತು ಬಿಟ್ಟಿದ್ದೀನಿ ಅಂತಲೇ ತಿಳಿದುಕೊ. ನನಗೇನೂ ನಷ್ಟ ಕಾಣುತ್ತಿಲ್ಲ.

ಪಕ್ಕದ ಮನೆಯವಳಿಗೆ ನಾನು ಮೂವರು ಓಡಿಸುತ್ತಾರೆ ಅಂತಲೇ ಹೇಳಿದ್ದು. ಅವಳು ಅದನ್ನು ಒಬ್ಬಳು ಮಾಡಿ ಬೀದಿಗೆ ಹಂಚಿದ್ದಾಳೆ. ಈಗ ಅಂಗಡಿಯವನು ನನ್ನನ್ನು ಕಂಡರೆ "ನಿಮ್ಮ ಹುಡುಗಿ ನಿದ್ದೆ ಮಾಡಿದ್ಲಾ" ಅಂತ ಕೇಳುತ್ತಾನೆ. ನಾನು ತಲೆ ಆಡಿಸಿ ಬರುತ್ತೇನೆ.

ಕೆಲಸಕ್ಕೆ ಸ್ವಲ್ಪ ದಿನ ರಜೆ ಹಾಕಿದ್ದೇನೆ. ಮನೆಗೆ ಬಣ್ಣ ಹೊಡೆಸಬೇಕು. ಬಣ್ಣದವನು ಬಂದು ಗೋಡೆ ನೋಡಿ ಹೋದ, ಆಮೇಲೆ ಪತ್ತೆ ಇಲ್ಲ. ಕಿಟಕಿ ಹತ್ತಿರ ಕೂತು ಬಿಸಿನೀರು ಕುಡಿಯುವುದೇ ನನ್ನ ಕೆಲಸವಾಗಿದೆ. ಇಲ್ಲಿಂದ ಸ್ಟೇಷನ್ನಿನ ಮೈಕು ಕೇಳುತ್ತದೆ. ನನ್ನ ಜಾಗದಲ್ಲಿ ಈಗ ಕೂತಿರುವ ಹುಡುಗಿ ಪ್ರತಿ ರೈಲನ್ನೂ ಯಾರಿಗೋ ಕ್ಷಮೆ ಕೇಳುವ ದನಿಯಲ್ಲಿ ಕರೆಯುತ್ತಾಳೆ.

ಹೆಲ್ಮೆಟ್ಟಿನ ವಿಷಯ ಓದಿದೆ. ಹೋದ ವರ್ಷ ನೀನು ಅದನ್ನು ಹೇಳಿರಲಿಲ್ಲ. "ಕಾರು ಕೆಟ್ಟುಹೋಯ್ತು" ಅಂದಿದ್ದೆ, ಅಷ್ಟೆ. ಕೊನೇ ಸರದಿ ಬಿಡಬೇಡ.

ಅತ್ತೆ

---

ಏಪ್ರಿಲ್ 5

ಅತ್ತೆ,

ಮಾನ ಹೋಯಿತು. ಅದಕ್ಕೆ ಅರ್ಧ ಕಾರಣ ನೀನು. ಕೂತುಕೊಂಡು ಓದು.

ಹೋದ ವಾರ ಆರು ಗಂಟೆಯ ಒಂದು ರೇಸು ಇತ್ತು, ದೊಡ್ಡದಕ್ಕೆ ಅಭ್ಯಾಸದ ಹಾಗೆ. ನಾನು ಓಡಿಸುತ್ತಿದ್ದೆ, ನಮ್ಮ ವರ್ಗದಲ್ಲಿ, ಅಂದರೆ ಸಣ್ಣ ಇಂಜಿನ್ನಿನ ಕಾರುಗಳ ಸಾಲಿನಲ್ಲಿ, ಎರಡನೇ ಜಾಗದಲ್ಲಿದ್ದೆ. ಪಿಟ್ಟಿನ ಮುಂದೆ ಹಾದುಹೋಗುವ ನೇರ ದಾರಿಯಲ್ಲಿ ಮೇಸ್ತ್ರಿ ರೇಡಿಯೊದಲ್ಲಿ ಕೇಳಿದ.

"ಟೈರ್ ಹೇಗಿದೆ?"

"ಚೆನ್ನಾಗಿದೆ."

"ಪೆಟ್ರೋಲ್?"

"ಇನ್ನೂ ಇದೆ."

"ಹಾಗಾದ್ರೆ ಸರಿ."

"ಸರಿ, ಬರ್ತೀನಿ" ಅಂದೆ.

ಎಲ್ಲಿಂದಲಾದರೂ ಹೊರಡುವಾಗ ಬಾಯಿಂದ ಏನು ಬರಬೇಕು ಅಂತ ನೀನು ಕಲಿಸಿದ್ದೀಯೋ ಅದೇ ಬಂತು. ಚಿಕ್ಕವಳಿದ್ದಾಗ ಶಾಲೆಗೆ ಹೊರಟು "ಹೋಗ್ತೀನಿ" ಅಂದರೆ ನೀನು ಗೇಟಿನಿಂದ ವಾಪಸು ಕರೆದು, ಒಳಗೆ ಬಂದು ಚೀಲ ಇಳಿಸಿ, "ಬರ್ತೀನಿ" ಅಂದು, ಮತ್ತೆ ಹೊರಡು ಅನ್ನುತ್ತಿದ್ದೆ. ಎಷ್ಟು ಸಲ ಬಸ್ಸು ತಪ್ಪಿದೆ ಅದರಿಂದ. ಅಪ್ಪ ಅಮ್ಮ ವರ್ಗವಾದ ಊರೂರು ಸುತ್ತುತ್ತಾ ನನ್ನನ್ನು ನಿನ್ನ ಹತ್ತಿರ ಬಿಟ್ಟಿದ್ದಕ್ಕೆ ನಾನು ಕಲಿತದ್ದು ಇದು.

ಮೇಸ್ತ್ರಿಗೆ ಅದು ಹೇಗೆ ಕೇಳಿಸಬೇಕೋ ಹಾಗೆ ಕೇಳಿಸಿತು. ಬರ್ತೀನಿ ಅಂದರೆ ಪಿಟ್ಟಿಗೆ ಬರುತ್ತೇನೆ ಅಂತ ತಾನೆ. "ಬರ್ತಾ ಇದಾಳೆ, ಏಳ್ರೋ" ಅಂತ ಕೂಗಿದ. ಊಟದ ಡಬ್ಬಿ ಎಸೆದು ಎಲ್ಲರೂ ಎದ್ದರು. ನಾಲ್ಕು ಟೈರು, ಜಾಕು, ಪೆಟ್ರೋಲ್ ಪೈಪು ಹಿಡಿದು ನೆಂಟರನ್ನು ಎದುರುಗೊಳ್ಳುವ ಹಾಗೆ ಸಾಲಾಗಿ ಹೊರಗೆ ನಿಂತರು. ಡಾಕ್ಟರು ನನ್ನ ಬದಲಿಗೆ ಕೂರಲು ಹೆಲ್ಮೆಟ್ ಹಾಕಿಕೊಂಡು ನಿಂತರು. ನಾನು ಒಂದು ಸುತ್ತು ಮುಗಿಸಿ ಬಂದು ಅವರ ಮೂಗಿನ ಮುಂದೆ ರೊಯ್ಯನೆ ಹಾದುಹೋದೆ. ಯಾಕೆ ಎಲ್ಲರೂ ಹೊರಗೆ ನಿಂತಿದ್ದಾರೆ, ನನಗೆ ಹುರಿದುಂಬಿಸಲು ಇರಬೇಕು ಅಂದುಕೊಂಡು ಕೈ ಬೇರೆ ಬೀಸಿದೆ.

ಕಾರು ಬಾರದೆ ಯಾರೂ ಸಾಮಾನು ಹಿಡಿದು ಪಿಟ್ಟಿನ ಹೊರಗೆ ಕಾಲಿಡುವಂತಿಲ್ಲ ಅನ್ನುವುದು ನಿಯಮ. ಅಧಿಕಾರಿಗಳು ದಂಡವಾಗಿ ಎರಡು ನಿಮಿಷ ಕಾರನ್ನು ನಿಲ್ಲಿಸಿದರು. ಎರಡನೇ ಜಾಗ ಹೋಗಿ ಒಂಬತ್ತನೆಯದು ಬಂತು. ಯಜಮಾನರು ತಲೆ ಮೇಲೆ ಕೈ ಹೊತ್ತು ಟೈರಿನ ಮೇಲೆ ಕೂತರು. ತಾತ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಈಗ ಮೇಸ್ತ್ರಿ ಕಟ್ಟಪ್ಪಣೆ ಹೊರಡಿಸಿದ್ದಾನೆ. ಆ ಮಾತು ರೇಡಿಯೊದಲ್ಲಿ ಪಿಟ್ಟಿಗೆ ಬರುವಾಗ ಮಾತ್ರ. ಬೇರೆ ಹೊತ್ತಿನಲ್ಲಿ ಹೋಗ್ತೀನಿ ಅನ್ನಬೇಕು. ಇನ್ನೊಂದು ಸಲ ತಪ್ಪಿದರೆ ಕೊನೇ ಸರದಿ ತಾತನಿಗೆ. ಶೆಡ್ಡಿನಲ್ಲಿ ನಿಲ್ಲಿಸಿ ಹತ್ತು ಸಲ ಹೇಳಿಸಿದ. ನನ್ನ ಬಾಯಿ ಹೋ ಅನ್ನುವಲ್ಲಿಗೇ ನಿಲ್ಲುತ್ತದೆ. ನೀನು ಗೇಟಿನ ಹತ್ತಿರ ನಿಂತು ನೋಡುತ್ತಿದ್ದೀಯ ಅನ್ನಿಸುತ್ತದೆ.

ಒಂದು ಫೋನ್ ಎತ್ತಿ "ಹೋಗ್ತೀನಿ ಅನ್ನು ಪರವಾಗಿಲ್ಲ" ಅಂದಿದ್ದರೆ ಸಾಕಿತ್ತು. ಮೂರು ತಿಂಗಳಾಗುತ್ತಾ ಬಂತು. ಇಷ್ಟು ಹಟ ಯಾರಿಗೂ ಒಳ್ಳೆಯದಲ್ಲ.

ಬುಗುರಿ

---

ಏಪ್ರಿಲ್ 14

ಬುಗುರಿ,

ಊಟದ ಡಬ್ಬಿ ಎಸೆದು ಎದ್ದರು ಅನ್ನುವಲ್ಲಿ ಕಾಗದ ಕೆಳಗಿಟ್ಟು ಬಾಯಿಗೆ ಸೆರಗು ಅಡ್ಡ ಹಿಡಿಯಬೇಕಾಯಿತು. ನನಗೆ ಈಗ ನಗುವುದಕ್ಕೂ ಲೆಕ್ಕ ಇದೆ, ಅದರ ಕಥೆ ಬೇರೆ. ನೀನು ಕೈ ಬೀಸಿದ್ದು ಓದಿ ಲೆಕ್ಕ ತಪ್ಪಿತು.

ಮೇಸ್ತ್ರಿಗೆ ನನ್ನ ನಮಸ್ಕಾರ ಹೇಳು. ಅವನು ಹೇಳಿದ್ದು ಸರಿ, ಹೇಳಿಸಿದ ಮಾತು ಸರಿಯಿಲ್ಲ. ನಿನ್ನ ಬಾಯಿಂದ ಹೋಗ್ತೀನಿ ಬರುವುದಿಲ್ಲ, ಬರುವುದೂ ಬೇಡ. ನಾನು ಮೈಕಿನಲ್ಲಿ ರೈಲು ಹೋಗುತ್ತದೆ ಅಂತ ಯಾವತ್ತಾದರೂ ಅಂದದ್ದು ಕೇಳಿದ್ದೀಯಾ? "ಹೊರಡಲಿದೆ" ಅನ್ನುತ್ತೇನೆ. ಹೊರಡುವುದರಲ್ಲಿ ಅಪಶಕುನ ಇಲ್ಲ. ನಾನು ಹೊರಡಿಸಿದ ರೈಲುಗಳೆಲ್ಲ ಸಂಜೆಗೋ ಮಾರನೇ ದಿನಕ್ಕೋ ನನ್ನ ಮೈಕಿನ ಕೆಳಗೇ ವಾಪಸು ಬಂದಿವೆ. ತಡವಾಗಿ ಬಂದಿವೆ, ಬಾಗಿಲು ಮುರಿದುಕೊಂಡು ಬಂದಿವೆ, ಬಂದಿವೆ. ನೀನೂ "ಹೊರಟೆ" ಅನ್ನು. ಚಿಕ್ಕ ಮಾತು. ಇಂಜಿನ್ ಎಷ್ಟೇ ಅರಚಿದರೂ ಕೊನೆಯ ಟೆ ಕಿವಿಗೆ ಬೀಳುತ್ತದೆ, ಬರ್ತೀನಿ ಜೊತೆ ಕಲೆಯುವುದಿಲ್ಲ.

ಮನೆಯಲ್ಲಿ ಮಾತ್ರ ಹಳೆಯ ಕಾನೂನೇ.

ಫೋನಿನ ವಿಷಯ ಎತ್ತಬೇಡ. ಹಟ ಅಂದುಕೊಂಡರೆ ಹಟ.

ಅತ್ತೆ

---

ಮೇ 2

ಅತ್ತೆ,

ಹೊರಟೆ ಕೆಲಸ ಮಾಡುತ್ತಿದೆ. ಮೇಸ್ತ್ರಿ ಕೇಳಿ, ಒಂದು ಸುತ್ತು ಯೋಚನೆ ಮಾಡಿ, "ಯಾರು ಹೇಳಿಕೊಟ್ರು?" ಅಂದ. ಸ್ಟೇಷನ್ನಿನಲ್ಲಿ ಕೂಗುವ ಅತ್ತೆ ಅಂದೆ. ಈಗ ತಾತ, ಡಾಕ್ಟರು ಇಬ್ಬರೂ ಅದನ್ನೇ ಹೇಳುತ್ತಾರೆ. ಡಾಕ್ಟರು ಹಲ್ಲು ಕೀಳಿಸಿಕೊಳ್ಳಲು ಬಂದವನೊಬ್ಬನಿಗೂ ಬಾಯಿ ತಪ್ಪಿ "ಹೊರಟೆ" ಅಂದರಂತೆ, ಆ ಮನುಷ್ಯ ಕುರ್ಚಿಯಿಂದ ಎದ್ದು ನಿಂತನಂತೆ.

ಇದನ್ನು ಫೋನಿನಲ್ಲಿ ಹೇಳಬೇಕು ಅನ್ನಿಸಿತು. ನೀನು ಎತ್ತುವುದಿಲ್ಲವಲ್ಲ. ಅದಕ್ಕೆ ಸ್ಟೇಷನ್ನಿಗೆ ಮಾಡಿದೆ. ನೀನು ರಜೆ ಮುಗಿಸಿ ವಾಪಸು ಬಂದಿರಬೇಕು, ಹಿಂದಿನಿಂದ ನಿನ್ನ ದನಿಯಾದರೂ ಕೇಳೀತು ಅಂತ. ಕ್ಷಮೆ ಕೇಳುವ ದನಿಯ ಹುಡುಗಿ ಎತ್ತಿದಳು. ನಾನು ಯಾರು ಅಂತ ಹೇಳಿದ ತಕ್ಷಣ "ಅಕ್ಕ, ಅವರ ಗಂಟಲು ಆಪರೇಷನ್ ಆದ ಮೇಲೆ ಹೇಗಿದಾರೆ? ಮಾತಾಡೋಕೆ ಬಿಟ್ರಾ ಡಾಕ್ಟರು?" ಅಂತ ನನ್ನನ್ನೇ ಕೇಳಿದಳು.

ನಾನು ಏನು ಹೇಳಬೇಕಿತ್ತು ಅತ್ತೆ? ಚೆನ್ನಾಗಿದ್ದಾರೆ, ಮನೆಗೆ ಬಣ್ಣ ಹೊಡೆಸುತ್ತಿದ್ದಾರೆ ಅನ್ನಬೇಕಿತ್ತಾ?

ಮೂರು ತಿಂಗಳು ನಾನು ನಿನ್ನ ಸಿಟ್ಟಿಗೆ ಸಿಟ್ಟು ಮಾಡಿಕೊಂಡು ಕೂತಿದ್ದೆ. ಹಟ ಅಂದೆ. ನೀನು "ಹಟ ಅಂದುಕೊಂಡರೆ ಹಟ" ಅಂತ ಬರೆದೆ. ಊರಿನ ಅಂಗಡಿಯವನಿಗೆ ಗೊತ್ತಿರುವುದು ನನಗೆ ಗೊತ್ತಿಲ್ಲ. ನನಗೆ ಬಹಳ ನೋವಾಗಿದೆ. ಮುಂದಿನ ವಾರ ರೈಲು ಹತ್ತುತ್ತೇನೆ, ರೇಸು ಯಾರಾದರೂ ಓಡಿಸಿಕೊಳ್ಳಲಿ.

---

ಮೇ 4, ತುರ್ತು ಅಂಚೆ

ಬರಬೇಡ. ಬಂದರೆ ಬಾಗಿಲು ತೆಗೆಯುವುದಿಲ್ಲ. ಅಪಾಯದ್ದಲ್ಲ. ದೊಡ್ಡ ಕಾಗದ ಹಿಂದೆ ಬರುತ್ತಿದೆ. ನಿನ್ನ ಶೆಡ್ಡಿನಲ್ಲೇ ಇರು.

ಅತ್ತೆ

---

ಮೇ 6

ಬುಗುರಿ,

ಪ್ಲಾಟ್‌ಫಾರ್ಮಿನಲ್ಲಿ ನೀನು ರೇಸಿನ ವಿಷಯ ಹೇಳಿದ ದಿನ ನಾನು ಬಾಯಿ ತೆರೆಯದಿದ್ದದ್ದು ಸಿಟ್ಟಿಗಲ್ಲ. ಆ ಬೆಳಿಗ್ಗೆಯೇ ಗಂಟಲ ಡಾಕ್ಟರು ಇನ್ನು ಮಾತಾಡಕೂಡದು ಅಂದಿದ್ದರು. ದನಿಯ ತಂತಿಯ ಮೇಲೆ ಒಂದು ಗಂಟು. ಕೂಗಿ ಕೂಗಿ ಬರುವಂಥದ್ದು, ಕೆಟ್ಟ ಜಾತಿಯದಲ್ಲ, ಪರೀಕ್ಷೆ ಮಾಡಿಸಿದ್ದಾರೆ. ತೆಗೆದರು. ಆಮೇಲೆ ಮೌನ. ಪಿಸುಗುಟ್ಟುವುದೂ ಇಲ್ಲ, ಗಟ್ಟಿ ನಗುವೂ ಇಲ್ಲ. ನಾಲ್ಕು ತಿಂಗಳು ಬಾಯಿಗೆ ಬೀಗ.

ನಿನಗೆ ಹೇಳಿದ್ದರೆ ಏನು ಮಾಡುತ್ತಿದ್ದೆ ಅಂತ ನೀನೇ ಬರೆದು ತೋರಿಸಿದ್ದೀಯ. ಮುಂದಿನ ವಾರ ರೈಲು ಹತ್ತುತ್ತೇನೆ, ಅಷ್ಟೆ. ಇಲ್ಲಿ ಬಂದು ನನ್ನ ಎದುರು ಕೂತು ನನ್ನ ಬಾಯನ್ನೇ ನೋಡುತ್ತಿದ್ದೆ. ಹೆಲ್ಮೆಟ್ ಹಾಕಿಕೊಂಡು ಬಾರದ ಕಾರಿಗೆ ಕಾದವಳು ಇನ್ನೊಂದು ವರ್ಷ ಕಾಯುವುದು ನನಗೆ ಬೇಡವಾಗಿತ್ತು.

ಇನ್ನೊಂದೂ ಇದೆ. ನೀನು ಬರೆಯುತ್ತಿದ್ದೆಯಲ್ಲ. ಸಿಟ್ಟು ಮಾಡಿದ್ದಾಳೆ ಅಂದುಕೊಂಡು ಪುಟಗಟ್ಟಲೆ ಬರೆದೆ. ಅದನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ. ಈ ಮನೆ ಬಹಳ ಸುಮ್ಮನಿದೆ ಬುಗುರಿ. ನಿನ್ನ ಕಾಗದ ಬಂದ ದಿನ ಮಾತ್ರ ಗದ್ದಲ.

ನನಗೆ ಭಯ ಇಲ್ಲ ಅಂತ ಬರೆದರೆ ಸುಳ್ಳು. ದನಿ ವಾಪಸು ಬರುತ್ತದೆ, ಹಳೆಯದೇ ಬರುತ್ತದೆ ಅಂತ ಹೇಳಲಾಗದು ಅಂದಿದ್ದಾರೆ. ಜೂನ್ ಕೊನೆಯಲ್ಲಿ ಸ್ಟೇಷನ್ನಿನವರು ಮೈಕಿನ ಮುಂದೆ ಕೂರಿಸಿ ನೋಡುತ್ತಾರೆ. ಆಗದಿದ್ದರೆ ಟಿಕೆಟ್ ಕಿಟಕಿಗೆ. ಗಾಜಿನ ಹಿಂದೆ ಕೂತು ಚಿಲ್ಲರೆ ಕೇಳುವುದು ನನ್ನಿಂದ ಆಗುವ ಕೆಲಸವಲ್ಲ.

ನಿನ್ನ ರೇಸಿನ ಹೊತ್ತಿಗೆ ದಿನಕ್ಕೆ ಐವತ್ತು ಮಾತು ಆಡಲು ಬಿಡುತ್ತಾರಂತೆ. ಮೊದಲನೇ ಮಾತು ನಿನಗೆ ಎತ್ತಿಟ್ಟಿದ್ದೇನೆ. ನೀನು ಗೆರೆ ದಾಟು, ನಾನು ಫೋನ್ ಮಾಡುತ್ತೇನೆ. ದಾಟದಿದ್ದರೆ ಮಾಡುವುದಿಲ್ಲ.

ಅತ್ತೆ

---

ಜೂನ್ 13

ಅತ್ತೆ,

ನಾಳೆ ಮಧ್ಯಾಹ್ನ ಮೂರಕ್ಕೆ ಶುರು. ಮೊದಲು ಡಾಕ್ಟರು, ಆಮೇಲೆ ತಾತ, ಆಮೇಲೆ ನಾನು, ಹಾಗೆ ಸುತ್ತು. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಕೊನೇ ಸರದಿಯ ಎದುರು ಮೇಸ್ತ್ರಿ "ಹೊರಟೆ" ಅಂತ ಬರೆದಿದ್ದಾನೆ. ಶೆಡ್ಡಿನಲ್ಲಿ ಈಗ ನನ್ನ ಹೆಸರೇ ಅದು. ಬುಗುರಿ ಅನ್ನುವುದು ಅವರಿಗೆ ಗೊತ್ತಾಗಬಾರದು. ಗಿರಗಿರನೆ ತಿರುಗುವ ಚಾಲಕಿಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

ನಿನ್ನ ಮೇಲೆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದರೂ ನಿನ್ನ ಕಾಗದವನ್ನು ಮಡಿಸಿ ಎದೆಯ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಆ ಮೊದಲನೇ ಮಾತು ನನಗೆ ಬೇಕು.

ಬುಗುರಿ

---

ಜೂನ್ 16

ಅತ್ತೆ,

ನೀನು ಟಿವಿಯಲ್ಲಿ ನೋಡಿದ್ದೀಯ, ಆದರೆ ಒಳಗೆ ಕೂತವಳ ಕಥೆ ನೀನು ನೋಡಿಲ್ಲ. ಕೈಗಳು ಇನ್ನೂ ಸ್ಟೀರಿಂಗ್ ಹಿಡಿದ ಹಾಗೇ ಮಡಿಚಿಕೊಂಡಿವೆ, ಅಕ್ಷರ ಸೊಟ್ಟಗಿದ್ದರೆ ಓದಿಕೊ.

ಬೆಳಗಾಗುವವರೆಗೆ ಎಲ್ಲ ಬೆಣ್ಣೆಯಂತೆ ನಡೆಯಿತು. ನಮ್ಮ ವರ್ಗದ ದೊಡ್ಡ ದೊಡ್ಡ ತಂಡಗಳು ಒಂದೊಂದಾಗಿ ಕೈ ಕೊಟ್ಟವು. ಒಂದು ಗೋಡೆಗೆ ಒರಸಿತು, ಇನ್ನೊಂದರ ಇಂಜಿನ್ ಹೊಗೆ ಉಗುಳಿತು. ಸೂರ್ಯ ಬಂದಾಗ ನಾವೇ ಮುಂದೆ, ಎರಡು ಸುತ್ತಿನ ಅಂತರ. ಯಜಮಾನರು ಟೀ ಲೋಟ ಹಿಡಿದುಕೊಂಡು ಕುಡಿಯುವುದನ್ನೇ ಮರೆತು ನಿಂತಿದ್ದರು.

ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ತಾತ ಕಾರನ್ನು ಒಳಗೆ ತಂದರು. ಇಳಿದವರೇ ಹೇಳಿದರು, "ಕ್ಲಚ್ ಹೋಯ್ತು. ಪೆಡಲ್ ನೆಲಕ್ಕೆ ಬಿದ್ದಿದೆ." ಕಾರು ಓಡುತ್ತಿರುವಾಗ ಕ್ಲಚ್ ಇಲ್ಲದೆಯೂ ಗೇರ್ ಬದಲಿಸಬಹುದು. ನಿಂತ ಮೇಲೆ ಹೊರಡಿಸುವುದು ಮಾತ್ರ ಅದಿಲ್ಲದೆ ಆಗದು. ಟ್ಯಾಂಕ್ ತುಂಬಿಸಿ ಎಲ್ಲರೂ ಸೇರಿ ತಳ್ಳಿದರು. ಯಜಮಾನರೂ ತಳ್ಳಿದರು. ಗೇರ್ ಕಟಕಟನೆ ಹಲ್ಲು ಕಡಿದು ಕೂತಿತು, ಕಾರು ನೆಗೆದು ಹೊರಟಿತು. ಮೇಸ್ತ್ರಿ ರೇಡಿಯೊದಲ್ಲಿ ಅಂದ:

"ಇನ್ನೊಂದು ಸಲ ಹೀಗೆ ಮಾಡಿದ್ರೆ ಗೇರ್ ಬಾಕ್ಸ್ ತಡೆಯಲ್ಲ. ನಿಂತ್ರೆ ಮುಗೀತು. ಗೊತ್ತಾಯ್ತಾ?"

"ಹೊರಟೆ" ಅಂದೆ.

ಸಮಸ್ಯೆ ಏನೆಂದರೆ ತುಂಬಿದ ಟ್ಯಾಂಕು ನಮ್ಮ ವೇಗಕ್ಕೆ ಒಂದು ಗಂಟೆಗೆ ಸ್ವಲ್ಪ ಮೇಲೆ ಸಾಕು. ಉಳಿದದ್ದು ಒಂದೂಮುಕ್ಕಾಲು ಗಂಟೆ. ನಿಲ್ಲುವಂತಿಲ್ಲ, ಜೋರಾಗಿ ಓಡುವಂತಿಲ್ಲ. ತಿರುವು ಬರುವುದಕ್ಕೆ ಬಹಳ ಮುಂಚೆಯೇ ಕಾಲು ತೆಗೆದು ಕಾರನ್ನು ಅದರ ಪಾಡಿಗೆ ಉರುಳಲು ಬಿಟ್ಟೆ. ಇಳಿಜಾರುಗಳನ್ನೆಲ್ಲ ಹುಡುಕಿಕೊಂಡು ಇಳಿದೆ. ಹಿಂದೆ ಬಿದ್ದವರು ನನ್ನನ್ನು ದಾಟಿ ದಾಟಿ ಹೋದರು. ಎರಡು ಸುತ್ತಿನ ಅಂತರ ಒಂದಾಯಿತು. ವರ್ಷವೆಲ್ಲ ಜೋರಾಗಿ ಓಡಿಸಲು ಕಲಿತು, ಕೊನೆಗೆ ನಿಧಾನಕ್ಕೆ ಓಡಿಸುವುದಕ್ಕೆ ಹಲ್ಲು ಕಚ್ಚಬೇಕಾಯಿತು.

ಇನ್ನು ಸ್ವಲ್ಪ ಹೊತ್ತಿದೆ ಅನ್ನುವಾಗ ಪೆಟ್ರೋಲಿನ ಕೆಂಪು ದೀಪ ಹತ್ತಿತು. ಮೇಸ್ತ್ರಿ ರೇಡಿಯೊದಲ್ಲಿ ಬಂದ.

"ಏನ್ ಮಾಡ್ತೀಯಾ ಹೇಳು. ಒಳಗೆ ತಂದ್ರೆ ಪೆಟ್ರೋಲ್ ಹಾಕ್ತೀವಿ, ತಳ್ಳಿ ನೋಡೋಣ, ಹೊರಟ್ರೆ ಹೊರಡ್ತು. ಇಲ್ಲ ಅಂದ್ರೆ ಇರೋದ್ರಲ್ಲೇ ಕೊನೆವರೆಗೂ. ನೀನು ಒಳಗಿರೋಳು, ನೀನೇ ಹೇಳು."

"ಬರ್ತೀನಿ" ಅಂದೆ.

ಬಾಯಿಗೆ ಹೇಗೆ ಬಂತೋ ಗೊತ್ತಿಲ್ಲ. ಪಿಟ್ಟಿನಲ್ಲಿ ಜಾಕು ಹಿಡಿದು ಎದ್ದವರನ್ನು ಮೇಸ್ತ್ರಿ ಕೈ ಅಡ್ಡ ಹಾಕಿ ತಡೆದನಂತೆ, ಆಮೇಲೆ ತಾತ ಹೇಳಿದರು. ಅವನು ಬಹಳ ಮೆಲ್ಲಗೆ ಕೇಳಿದ.

"ಯಾವ ಬರ್ತೀನಿ?"

"ಒಳಗಲ್ಲ. ಮನೆಗೆ ಬರ್ತೀನಿ."

ಆಮೇಲೆ ಅವನು ಬೇರೆಯವರಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. "ಅದೆಲ್ಲ ಕೆಳಗಿಡ್ರೋ. ಗೋಡೆ ಹತ್ರ ನಡೀರಿ, ಬರ್ತಾಳೆ."

ಕೊನೇ ಸುತ್ತಿನಲ್ಲಿ ಇನ್ನೊಂದು ಪೇಚು. ಗಡಿಯಾರ ಮುಗಿಯುವುದಕ್ಕೆ ಒಂದು ಕ್ಷಣ ಮುಂಚೆ ಗೆರೆ ದಾಟಿದರೂ ಇನ್ನೊಂದು ಸುತ್ತು ಓಡಲೇಬೇಕು. ಅಷ್ಟು ಪೆಟ್ರೋಲ್ ಇಲ್ಲ. ಇಂಥ ಹೊತ್ತಿನಲ್ಲಿ ಬೇರೆಯವರಾದರೆ ಗೆರೆಯ ಹಿಂದೆ ನಿಂತು ಕಾಯುತ್ತಾರೆ. ನಾನು ನಿಲ್ಲುವಂತಿಲ್ಲ. ಕೊನೇ ತಿರುವಿಗೆ ಬಂದಾಗ ಗಡಿಯಾರದಲ್ಲಿ ಇನ್ನೂ ಹೊತ್ತಿತ್ತು, ಗೆರೆ ಕಣ್ಣೆದುರಿಗೇ ಇತ್ತು. ಮೊದಲನೇ ಗೇರಿಗೆ ಹಾಕಿದೆ. ಕಾರು ಕೆಮ್ಮುತ್ತಾ ತೆವಳಿತು. ಅದೂ ಜಾಸ್ತಿಯಾಯಿತು. ಆಗ ಹೊಳೆಯಿತು. ನೇರ ಹೋಗುವುದು ಯಾಕೆ? ದಾರಿಯ ಈ ಅಂಚಿನಿಂದ ಆ ಅಂಚಿಗೆ, ಆ ಅಂಚಿನಿಂದ ಈ ಅಂಚಿಗೆ ಸೊಟ್ಟ ಸೊಟ್ಟಗೆ ಓಡಿಸಿದೆ. ನಿನ್ನ ನಡುಮನೆಯಲ್ಲಿ ಊಟಕ್ಕೆ ಕರೆದರೂ ಬಾರದೆ ಸುತ್ತುತ್ತಿದ್ದೆನಲ್ಲ, ಹಾಗೆ. ಟಿವಿಯವರು ಸ್ಟೀರಿಂಗ್ ಮುರಿದಿದೆ ಅಂದರಂತೆ.

ಕನ್ನಡಿಯಲ್ಲಿ ಎಲ್ಲರಿಗಿಂತ ಮುಂದಿದ್ದ ದೊಡ್ಡ ಕಾರು ಬಂತು, ಪಕ್ಕದಲ್ಲಿ ಗಾಳಿಯಂತೆ ಹಾದು ಗೆರೆ ದಾಟಿತು. ಬಾವುಟ ಬೀಸಿತು. ಸಮಯ ಮುಗಿದಿತ್ತು. ಅದರ ಹಿಂದೆ ನಾನು ತೆವಳುತ್ತಾ ತೆವಳುತ್ತಾ ದಾಟಿದೆ. ಟ್ರ್ಯಾಕಿನ ಪಕ್ಕದ ಗೋಡೆಯ ಮೇಲೆ ನಮ್ಮವರೆಲ್ಲ ನೇತಾಡುತ್ತಿದ್ದರು. ಈ ಸಲ ಅವರು ನಿಜವಾಗಿ ನನಗಾಗಿಯೇ ನಿಂತಿದ್ದರು. ಕೈ ಬೀಸಿದೆ.

ಗೆರೆ ದಾಟಿ ಸ್ವಲ್ಪ ದೂರಕ್ಕೆ ಇಂಜಿನ್ ನಿಂತಿತು. ಒಂದು ತೊಟ್ಟೂ ಉಳಿದಿರಲಿಲ್ಲ. ನಿಲ್ಲಲಿ ಬಿಡು ಅನ್ನಿಸಿತು. ನಮ್ಮ ವರ್ಗದಲ್ಲಿ ಮೊದಲನೆಯವರು ನಾವೇ ಅತ್ತೆ. ಯಜಮಾನರು ಓಡಿ ಬಂದು ಕಾರಿನ ಮೂಗಿಗೆ ಮುತ್ತಿಟ್ಟು ತುಟಿ ಸುಟ್ಟುಕೊಂಡರು. ಮುಂದಿನ ವರ್ಷಕ್ಕೆ ಬೇರೆ ಕ್ಲಚ್ ತರಿಸಬೇಕು ಅಂತ ಆಗಲೇ ಮಾತಾಡುತ್ತಿದ್ದರು. ಮೇಸ್ತ್ರಿ ನನ್ನ ಹೆಲ್ಮೆಟ್ಟನ್ನು ತಾನೇ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ.

ಆಗ ಫೋನ್ ಬಂತು. ಅತ್ತ ಕಡೆ ಯಾವುದೋ ಗಂಡಸಿನ ದನಿ, ಮರಳು ಕಾಗದ ಉಜ್ಜಿದ ಹಾಗೆ. ರಾಂಗ್ ನಂಬರ್ ಅನ್ನುವುದರಲ್ಲಿದ್ದೆ.

"ಬಂದ್ಯಾ?" ಅಂದಿತು.

ಶಾಲೆಯಿಂದ ಬಂದಾಗ ಒಳಗಿನಿಂದ ಕೇಳುತ್ತಿದ್ದ ಮಾತು. ನಾನು "ಬಂದೆ" ಅಂದೆ. ಆಮೇಲೆ ಟೈರಿನ ರಾಶಿಯ ಹಿಂದೆ ಕೂತು ಚೆನ್ನಾಗಿ ಅತ್ತುಬಿಟ್ಟೆ. ಖುಷಿಗೇ ಅತ್ತದ್ದು.

ಬುಗುರಿ

---

ಜೂನ್ 29

ಬುಗುರಿ,

ನಿನ್ನ ಸಂತೋಷ ಕೆಡಿಸಬಾರದು, ಆದರೆ ನಿಜ ಹೇಳಿಬಿಡುತ್ತೇನೆ. ನೀನು ಕೇಳಿದ್ದು ಮೊದಲನೇ ಮಾತಲ್ಲ. ಸ್ಟೇಷನ್ನಿನ ನನ್ನ ಹಳೇ ಕೋಣೆಯಲ್ಲಿ ಆ ಹುಡುಗಿಯ ಜೊತೆ ಕೂತು ನೋಡುತ್ತಿದ್ದೆ. ಬೆಳಗಿನಿಂದ ತುಟಿ ಬಿಗಿಹಿಡಿದು ಕೂತವಳು, ನೀನು ದಾರಿ ತುಂಬ ಸೊಟ್ಟಗೆ ಓಡಿಸಲು ಶುರು ಮಾಡಿದ ತಕ್ಷಣ ಎದ್ದು ನಿಂತು "ನಿಲ್ಲಬೇಡ ಕತ್ತೆ" ಅಂದುಬಿಟ್ಟೆ. ನಾಲ್ಕು ತಿಂಗಳು ಕಾದ ಮಾತು ಹೀಗೆ ಖರ್ಚಾಯಿತು. ಅದೂ ನಿನಗೇ ಸಂದದ್ದು, ಹಾಗಾಗಿ ಮಾತು ತಪ್ಪಿದೆ ಅನ್ನಬೇಡ. ನಾನು ಎದ್ದು ನಿಂತದ್ದಕ್ಕೇ ಆ ಹುಡುಗಿ ಬೆಚ್ಚಿ ಮೈಕಿನ ಗುಂಡಿ ಒತ್ತಿದ್ದಳು. ಇಡೀ ಸ್ಟೇಷನ್ನಿಗೆ ಕೇಳಿಸಿತು. ಹೊರಡಲಿದ್ದ ರೈಲಿನ ಚಾಲಕ ಕಿಟಕಿಯಿಂದ ತಲೆ ಹೊರಹಾಕಿ ಯಾರಿಗೆ ಹೇಳಿದ್ದು ಅಂತ ನೋಡಿದ.

ಸ್ಟೇಷನ್ನಿನ ಯಜಮಾನರು ಮೇಲೆ ಬಂದರು. ಬೈಯುತ್ತಾರೆ ಅಂದುಕೊಂಡೆ. "ಎಲ್ಲಾ ಪ್ಲಾಟ್‌ಫಾರ್ಮಿಗೂ ಸ್ಪಷ್ಟವಾಗಿ ಕೇಳಿಸ್ತು" ಅಂದರು. ನಿನ್ನೆ ನಿಜವಾದ ಪರೀಕ್ಷೆಯೂ ಮುಗಿಯಿತು. ದನಿ ಹಳೆಯದಲ್ಲ. ಅರ್ಧ ಗಂಡಸು, ಅರ್ಧ ತುಕ್ಕು ಹಿಡಿದ ಬಾಗಿಲು. ಆದರೆ ಕೇಳಿಸುತ್ತದೆ. ಮಧ್ಯಾಹ್ನದ ರೈಲುಗಳು ನನ್ನವು. ಟಿಕೆಟ್ ಕಿಟಕಿಗೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳಲಿ.

ಶನಿವಾರ ಮಧ್ಯಾಹ್ನದ ರೈಲಿಗೆ ಬಾ. ಪ್ಲಾಟ್‌ಫಾರ್ಮಿಗೆ ನಾನು ಇಳಿದು ಬರುವುದಿಲ್ಲ, ಕೆಲಸದಲ್ಲಿರುತ್ತೇನೆ. ಕಿಟಕಿ ತೆರೆದಿಟ್ಟುಕೊ.

ಅತ್ತೆ

---

ಜುಲೈ 9

ಅತ್ತೆ,

ಶೆಡ್ಡಿಗೆ ವಾಪಸು ಬಂದು ತಲುಪಿದೆ. ಫೋನ್ ಮಾಡಬಹುದು, ಆದರೂ ಬರೆಯುತ್ತಿದ್ದೇನೆ. ನಿನ್ನ ಮನೆಯಲ್ಲಿ ಗದ್ದಲ ಬೇಕಲ್ಲ.

ಕಿಟಕಿ ತೆರೆದಿಟ್ಟಿದ್ದೆ. ರೈಲು ನಿಧಾನವಾಗುವಾಗ ಕೇಳಿಸಿತು. "ಎರಡನೇ ಪ್ಲಾಟ್‌ಫಾರ್ಮಿಗೆ ಬರುತ್ತಿದೆ." ಬರುತ್ತಿದೆ ಅನ್ನುವಲ್ಲಿ ದನಿ ಸ್ವಲ್ಪ ಒಡೆಯಿತು. ಎದುರಿಗೆ ಕೂತಿದ್ದವರು "ಯಾರಪ್ಪ ಇದು, ಹೊಸಬನಾ" ಅಂದರು. "ನಮ್ಮತ್ತೆ" ಅಂದೆ. ಅವರು ಮುಖ ಮುಖ ನೋಡಿಕೊಂಡರು.

ಮೇಸ್ತ್ರಿಗೆ ನೀನು ಕೊಟ್ಟ ಸ್ವೆಟರ್ ಕೊಟ್ಟೆ. ಶೆಡ್ಡಿನ ಸೆಕೆಯಲ್ಲೇ ಹಾಕಿಕೊಂಡು ಓಡಾಡುತ್ತಿದ್ದಾನೆ. ನಾನು ಹೊರಟ ದಿನ ಏನಾಯಿತು ಅಂತ ಅವನಿಗೆ ಹೇಳಿದೆ, ಇಡೀ ಶೆಡ್ಡು ನಕ್ಕಿತು. ರೈಲಿಗೆ ಹೊತ್ತಾಗಿತ್ತು. ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನ ಹತ್ತಿರದಿಂದ, ಅಭ್ಯಾಸ ನೋಡು, "ಹೊರಟೆ" ಅಂದೆ. ನೀನೇ ಕಲಿಸಿದ ಮಾತು. ಮೈಕಿನದು ಬಿಟ್ಟು ಮನೆಗೆ ಅಂತ ಇದ್ದ ಆ ದಿನದ ನಿನ್ನ ಐವತ್ತು ಮಾತು ಆಗಲೇ ಹತ್ತಿರ ಹತ್ತಿರ ಮುಗಿದಿದ್ದವು. ಬೆಳಿಗ್ಗೆಯಿಂದ ನೀನು ಒಂದೊಂದನ್ನೂ ಅಳೆದು ಖರ್ಚು ಮಾಡುತ್ತಿದ್ದೆ. ಬಾಗಿಲಿಗೆ ಬಂದು, ಸೊಂಟದ ಮೇಲೆ ಕೈ ಇಟ್ಟು, ಉಳಿದದ್ದನ್ನೂ ಅಲ್ಲೇ ಸುರಿದೆ.

"ಬಾ ಒಳಗೆ. ಬರ್ತೀನಿ ಅನ್ನು."

ನಾನು ಒಳಗೆ ಬಂದು, ಚೀಲ ಇಳಿಸಿ, ಬರ್ತೀನಿ ಅಂದು, ಮತ್ತೆ ಹೊರಟೆ. ರೈಲು ತಪ್ಪಲಿಲ್ಲ.

ಬುಗುರಿ